ಹಳೆಯ ಡೊಮೇನ್ ಕಂಟ್ರೋಲರ್ ಅನ್ನು ಸುಮ್ಮನೆ ಆರಿಸಿಟ್ಟರೆ ಸಾಲದೇ?

ಪ್ರಶ್ನೆ: ದಾವಣಗೆರೆಯ ನಮ್ಮ ಕಾಲೇಜಿನಲ್ಲೂ ಚಿತ್ರದುರ್ಗದ ಶಾಖೆಯಲ್ಲೂ ವಿಂಡೋಸ್ ಸರ್ವರ್ 2008 ಆರ್2 ಡೊಮೇನ್ ಕಂಟ್ರೋಲರ್‌ಗಳಿವೆ (ನೆಟ್‌ವರ್ಕ್‌ನ ಲಾಗಿನ್, ಖಾತೆಗಳನ್ನು ನೋಡಿಕೊಳ್ಳುವ ಸರ್ವರ್‌ಗಳು). ವಿಂಡೋಸ್ ಸರ್ವರ್ 2022ರ ಹೊಸ ಕಂಟ್ರೋಲರ್‌ಗಳು ಡೊಮೇನ್‌ಗೆ ಸೇರಿವೆ. ಹಳೆಯವನ್ನು ಹೇಗೆ ತೆಗೆಯುವುದು?

ಉತ್ತರ: ಆರಿಸಿಟ್ಟರೆ ಸಾಲದು. ಆಕ್ಟಿವ್ ಡೈರೆಕ್ಟರಿಯಲ್ಲಿ, ಅಂದರೆ ಡೊಮೇನ್‌ನ ಖಾತೆ ಮತ್ತು ಯಂತ್ರಗಳ ದತ್ತಸಂಚಯದಲ್ಲಿ, ಅದರ ನಮೂದು ಉಳಿದು, ಬೇರೆ ಸರ್ವರ್‌ಗಳು ಅದನ್ನು ಹುಡುಕುತ್ತಲೇ ಇರುತ್ತವೆ. 2022 ಸೇರಿದೆ ಎಂದರೆ ಸಿಸ್‌ವಾಲ್ (ಕಂಟ್ರೋಲರ್‌ಗಳು ಹಂಚಿಕೊಳ್ಳುವ ನೀತಿ ಕಡತಗಳ ಫೋಲ್ಡರ್) ಈಗಾಗಲೇ ಡಿಎಫ್‌ಎಸ್‌ಆರ್ ಎಂಬ ಹೊಸ ನಕಲು ವಿಧಾನಕ್ಕೆ ಬದಲಾಗಿದೆ. ಆ ತಲೆನೋವು ಮುಗಿಯಿತು.

ಮೊದಲು ಐದು ಎಫ್‌ಎಸ್‌ಎಂಒ ಪಾತ್ರಗಳನ್ನು (ಒಂದು ಸಮಯಕ್ಕೆ ಒಂದೇ ಕಂಟ್ರೋಲರ್ ಹೊರಬಹುದಾದ ವಿಶೇಷ ಹೊಣೆಗಳು) ಹೊಸದಕ್ಕೆ ವರ್ಗಾಯಿಸಿ. ಅವುಗಳಲ್ಲಿ ಗಡಿಯಾರದ ಹೊಣೆಯೂ ಇರುವ ಪಿಡಿಸಿ ಎಮ್ಯುಲೇಟರ್ ಬದಲಾದಾಗ ಸಮಯದ ಮೂಲವನ್ನೂ ಅಲ್ಲಿಯೇ ಹೊಂದಿಸಬೇಕು. ರೆಪ್‌ಅಡ್ಮಿನ್ ಆದೇಶದಲ್ಲಿ ಎರಡೂ ಊರುಗಳ ನಡುವಿನ ರೆಪ್ಲಿಕೇಷನ್ (ಕಂಟ್ರೋಲರ್‌ಗಳು ಮಾಹಿತಿಯನ್ನು ಪರಸ್ಪರ ನಕಲಿಸಿಕೊಳ್ಳುವುದು) ದೋಷವಿಲ್ಲದೆ ನಡೆಯುತ್ತಿದೆಯೇ ನೋಡಿ.

ನಿಜವಾದ ಕಾಟ ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ಸೇವೆಯದು. ಯಂತ್ರಗಳಿಗೆ ತಾನೇ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಸರ್ವರ್‌ನ ವಿಳಾಸ ಬದಲಿಸುವುದು ಸುಲಭ. ಆದರೆ ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ ಯಂತ್ರ, ಫೈರ್‌ವಾಲ್‌ಗಳಲ್ಲಿ ಯಾರೋ ಎಂದೋ ಕೈಯಾರೆ ಬರೆದಿಟ್ಟ ಹಳೆಯ ಐಪಿ ಯಾವ ಕಡತದಲ್ಲೂ ಸಿಗದು. ಆದ್ದರಿಂದ ಹಳೆಯ ಸರ್ವರ್ ಅನ್ನು ಕೆಲಸದ ದಿನಗಳಲ್ಲೇ ಒಂದು ವಾರ ಆರಿಸಿಡಿ. ಯಾರು ಕೂಗುತ್ತಾರೋ ಅವರ ಬಳಿ ಆ ಐಪಿ ಇದೆ. ತಿಂಗಳುಗಟ್ಟಲೆ ಮಾತ್ರ ಬಿಡಬೇಡಿ. ಅಳಿಸಿದ ನಮೂದುಗಳ ಗುರುತು ಉಳಿಯುವ ಟೂಂಬ್‌ಸ್ಟೋನ್ ಅವಧಿ ಸಾಮಾನ್ಯವಾಗಿ 180 ದಿನ; ಅದು ಮೀರಿದರೆ ಹಳೆಯದನ್ನು ಮತ್ತೆ ಜೋಡಿಸುವಂತಿಲ್ಲ.

ಮತ್ತೆ ಚಾಲೂ ಮಾಡಿ, ರೆಪ್ಲಿಕೇಷನ್ ಮುಗಿದ ಮೇಲೆ ಅದರಲ್ಲಿ ಕಂಟ್ರೋಲರ್ ಪಾತ್ರವನ್ನು ತೆಗೆಯುವ ಡಿಸಿಪ್ರೊಮೊ ನಡೆಸಿ. ಚಿತ್ರದುರ್ಗದ್ದನ್ನು ಮೊದಲು ಇಳಿಸುವುದು ನನ್ನ ಸಲಹೆ. 'ಇದು ಡೊಮೇನ್‌ನ ಕೊನೆಯ ಕಂಟ್ರೋಲರ್' ಎಂಬ ಚೌಕಕ್ಕೆ ಯಾವ ಕಾರಣಕ್ಕೂ ಗುರುತು ಹಾಕಬೇಡಿ. ಒತ್ತಾಯದ ತೆಗೆಯುವಿಕೆ ಕೊನೆಯ ದಾರಿ. ಅದಾದರೆ ಆಕ್ಟಿವ್ ಡೈರೆಕ್ಟರಿಯಲ್ಲಿ ಉಳಿದ ಅದರ ನಮೂದುಗಳನ್ನು (ಮೆಟಾಡೇಟಾ) ನೀವೇ ಅಳಿಸಬೇಕು.