ಓದುಗರ ಪ್ರಶ್ನೆ: ಹವಳದ ಅಕ್ವೇರಿಯಂ ಅನ್ನು ದೊಡ್ಡ ತೊಟ್ಟಿಗೆ ಬದಲಿಸುವುದು ಹೇಗೆ?

ಪ್ರಶ್ನೆ: ಬನಶಂಕರಿಯ ನಮ್ಮ ಮನೆಯ ಮೊದಲ ಮಹಡಿಯಲ್ಲಿ ಮೂರು ಅಡಿ ಉದ್ದದ, ಸುಮಾರು 190 ಲೀಟರಿನ ಸಮುದ್ರದ ನೀರಿನ ಅಕ್ವೇರಿಯಂ ನಾಲ್ಕು ವರ್ಷದಿಂದ ಚೆನ್ನಾಗಿ ನಡೆದುಕೊಂಡು ಬಂದಿದೆ. ಜೋಡಿ ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್, ಒಂದು ಕ್ಲೀನರ್ ಸಿಗಡಿ ಇವೆ. ಹವಳಗಳಲ್ಲಿ ಜೋವಾಂತಿಡ್, ಮಶ್ರೂಮ್ ಮತ್ತು ಟೋಡ್‌ಸ್ಟೂಲ್ ಇವೆ. ಈಗ ಅದೇ ಜಾಗದಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ ಇಡಬೇಕೆಂದಿದ್ದೇವೆ. ಹಳೆಯ ಮರಳು ಮತ್ತು ನೀರನ್ನೇ ಹಾಕಿದರೆ ಬೇಗ ಹದಕ್ಕೆ ಬರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹೊಸ ತೊಟ್ಟಿಯನ್ನು ಒಂದೂವರೆ ತಿಂಗಳು ಮೀನಿಲ್ಲದೆ ಓಡಿಸಬೇಕೆಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಬೇಕು, ಸರ್?

ಉತ್ತರ: ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಆದರೆ ನಿಮ್ಮ ಸಂದರ್ಭಕ್ಕೆ ಎರಡೂ ಹೊಂದುವುದಿಲ್ಲ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಅವು ಕಲ್ಲಿನ ಮೇಲೆ, ಅದರ ಸಣ್ಣ ರಂಧ್ರಗಳ ಒಳಗೆ ಅಂಟಿಕೊಂಡು ಬದುಕುತ್ತವೆ. ಆದ್ದರಿಂದ ನಾಲ್ಕು ವರ್ಷ ಪಳಗಿದ ನಿಮ್ಮ ಲೈವ್ ರಾಕ್ (ಈ ಬ್ಯಾಕ್ಟೀರಿಯಾಗಳು ನೆಲೆಸಿರುವ ಕಲ್ಲು) ಒಣಗದಂತೆ ಹೊಸ ತೊಟ್ಟಿಗೆ ಬಂದರೆ ಸಾಕು, ಅದನ್ನು ವಾರಗಟ್ಟಲೆ ಖಾಲಿ ಓಡಿಸುವ ಅಗತ್ಯವಿಲ್ಲ. ಮೀನುಗಳ ಸಂಖ್ಯೆ ಹೆಚ್ಚುತ್ತಿಲ್ಲವಾದ್ದರಿಂದ ಆ ಕಲ್ಲುಗಳು ಇದುವರೆಗೆ ಹೊತ್ತ ಹೊರೆಯನ್ನೇ ಇನ್ನು ಮುಂದೆಯೂ ಹೊರುತ್ತವೆ.

ಮರಳಿನ ವಿಷಯ ಬೇರೆ, ಮತ್ತು ಇಂಥ ಬದಲಾವಣೆಗಳಲ್ಲಿ ಮೀನುಗಳು ಸಾಯುವುದಕ್ಕೆ ಹೆಚ್ಚಿನ ಪಾಲು ಕಾರಣ ಅದೇ ಎಂಬುದು ನನ್ನ ಅನುಭವ. ನಾಲ್ಕು ವರ್ಷ ಕದಲದ ಮರಳಿನ ಅಡಿಯಲ್ಲಿ ಮಲ, ತಿನ್ನದೆ ಉಳಿದ ಆಹಾರ, ಕೊಳೆತ ಪಾಚಿ ಸೇರಿಕೊಂಡಿರುತ್ತವೆ. ಆಮ್ಲಜನಕ ತಲುಪದ ಪದರಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರಬಹುದು. ಕದಲದಿರುವವರೆಗೆ ಅದರಿಂದ ತೊಂದರೆಯಿಲ್ಲ. ಆದರೆ ಮಗ್ಗಿನಿಂದ ತೋಡಿ ಹೊಸ ತೊಟ್ಟಿಗೆ ಸುರಿದ ಕೂಡಲೇ ಅಷ್ಟೂ ಕೊಳೆ ನೀರಿಗೆ ಬಿಡುಗಡೆಯಾಗುತ್ತದೆ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಅದೇ ಪ್ರಮಾಣದ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಪಿಎಚ್ 7ರ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ಹಾಗಾಗಿ ಹೊಸ ಅರಗೊನೈಟ್ (ಸುಣ್ಣದ ಅಂಶದ) ಮರಳು ತಂದು ತಿಳಿನೀರು ಬರುವವರೆಗೆ ತೊಳೆದು ಹಾಕಿ. ಹಳೆಯ ಮರಳಿನಲ್ಲಿರುವ ಸಣ್ಣ ಹುಳುಗಳ ಬೀಜ ಉಳಿಯಲಿ ಎಂಬ ಆಸೆ ಇದ್ದರೆ ಮೇಲ್ಪದರದಿಂದ ಒಂದು ಲೋಟದಷ್ಟನ್ನು ಮಾತ್ರ ತೆಗೆದು ಹೊಸದರ ಮೇಲೆ ಉದುರಿಸಿ.

ಹೊಸ ನೀರನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳಬೇಕು. ನಿಮ್ಮ ತೊಟ್ಟಿಯ ಅಳತೆ ಸುಮಾರು 450 ಲೀಟರ್. ಕಲ್ಲು ಮತ್ತು ಮರಳು ಹಿಡಿಯುವ ಜಾಗವನ್ನು ಕಳೆದು, ಕೆಳಗಿನ ಫಿಲ್ಟರ್ ತೊಟ್ಟಿಗೆ ಬೇಕಾಗುವುದನ್ನು ಕೂಡಿಸಿದರೆ, ಹಳೆಯ ನೀರಿನ ಜೊತೆಗೆ ಕನಿಷ್ಠ 300 ಲೀಟರ್ ಹೊಸ ಉಪ್ಪುನೀರು ಬೇಕಾದೀತು. ಅದಕ್ಕೆ ಸುಮಾರು 11 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ ಹಿಡಿಯುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರು ಗಡಸು. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಬಳಸಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಕುಡಿಯುವ ನೀರಿಗೆ ರುಚಿ ಇರಲೆಂದು ಅಂಥ ಹಲವು ಯಂತ್ರಗಳು ಖನಿಜಾಂಶವನ್ನು ಉದ್ದೇಶಪೂರ್ವಕವಾಗಿ ಉಳಿಸುತ್ತವೆ ಅಥವಾ ಮತ್ತೆ ಬೆರೆಸುತ್ತವೆ. ನಮಗೆ ಬೇಕಾದದ್ದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಸಾಧನ) ಸೊನ್ನೆ ತೋರಿಸುವ, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರಾಳದ ಮೂಲಕ ಹಾದುಬಂದ ಆರ್‌ಒ ನೀರು. ಸಣ್ಣ ಯಂತ್ರ ಇಷ್ಟು ನೀರು ಕೊಡಲು ಹಲವು ದಿನ ಹಿಡಿಯುವುದರಿಂದ ವಾರ ಮೊದಲೇ ಆಹಾರದ ದರ್ಜೆಯ ಡ್ರಮ್‌ಗಳಲ್ಲಿ ತುಂಬಲು ಆರಂಭಿಸಿ. ಉಪ್ಪು ಬೆರೆಸಿದ ಮೇಲೆ ಒಂದು ಪಂಪು ಮತ್ತು ಹೀಟರ್ ಹಾಕಿ ಒಂದು ಇಡೀ ದಿನ ತಿರುಗಲು ಬಿಡಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಊರಿನಲ್ಲಿ ಬಾಲ್ಕನಿಯ ಡ್ರಮ್ಮಿನ ನೀರು ಎಷ್ಟು ತಣ್ಣಗಾಗುತ್ತದೆಂದು ನಿಮಗೆ ಗೊತ್ತಿದೆ.

ಹೊಸ ನೀರನ್ನು ಪುಸ್ತಕದ ಆದರ್ಶಕ್ಕಲ್ಲ, ನಿಮ್ಮ ಹಳೆಯ ತೊಟ್ಟಿಯ ನೀರಿಗೆ ಹೊಂದಿಸಬೇಕು. ನಾಲ್ಕು ವರ್ಷದಲ್ಲಿ ನಿಮ್ಮ ನೀರಿನ ಲವಣಾಂಶ ಸದ್ದಿಲ್ಲದೆ ಏರಿರಬಹುದು, ಕ್ಷಾರೀಯತೆ ಇಳಿದಿರಬಹುದು. ಆದ್ದರಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿಯ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಿಂದ ಸರಿಹೊಂದಿಸಿ ಅಳೆಯಿರಿ, ಮತ್ತು ಬದಲಾವಣೆಗೆ ಮೂರು ವಾರ ಮೊದಲಿನಿಂದ ವಾರಕ್ಕೊಮ್ಮೆ ಶೇ 15ರಷ್ಟು ನೀರನ್ನು ಅದೇ ಉಪ್ಪಿನ ನೀರಿನಿಂದ ಬದಲಿಸುತ್ತ, ಹಳೆಯ ತೊಟ್ಟಿಯ ನೀರನ್ನೇ ಸಾಂದ್ರತೆ 1.025, ಉಷ್ಣತೆ 25–26 ಡಿಗ್ರಿ, ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆಯ ಮಾನ) ಬಳಿಗೆ ನಿಧಾನವಾಗಿ ತನ್ನಿ. ಲವಣಾಂಶದ ಹಠಾತ್ ಬದಲಾವಣೆಯನ್ನು ಮೀನು ತಡೆದುಕೊಂಡರೂ ನಿಮ್ಮ ಸಿಗಡಿ ತಡೆದುಕೊಳ್ಳದು.

ಹಳೆಯ ತೊಟ್ಟಿ ಇರುವ ಜಾಗಕ್ಕೇ ಹೊಸದು ಬರುವುದರಿಂದ ಭಾರದ ವಿಚಾರವನ್ನೂ ಹೇಳಬೇಕು. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ 650 ಕಿಲೋ ದಾಟುವ ತೂಕ ಎಂಟು ಚದರ ಅಡಿಯ ಮೇಲೆ ಕೂರುತ್ತದೆ. ಕೆಳಗೆ ಗೋಡೆ ಅಥವಾ ಬೀಮ್ ಎಲ್ಲಿ ಹಾದಿದೆ ಎಂದು ಮನೆಯ ನಕ್ಷೆಯೊಂದಿಗೆ ಒಬ್ಬ ಸಿವಿಲ್ ಎಂಜಿನಿಯರಿಗೆ ತೋರಿಸದೆ ಮುಂದುವರಿಯಬೇಡಿ. ಹೊಸ ತೊಟ್ಟಿಯನ್ನು ಬೇರೆಡೆ ಸಮತಟ್ಟಾದ ನೆಲದ ಮೇಲೆ ಎರಡು ದಿನ ನಲ್ಲಿ ನೀರು ತುಂಬಿಸಿ ಸೋರಿಕೆ ಪರೀಕ್ಷಿಸಿ. ಸ್ಥಳದಲ್ಲಿ ಕೂರಿಸಿದ ಮೇಲೆ, ಪಂಪು ನಿಂತಾಗ ಮೇಲಿನಿಂದ ಇಳಿದು ಬರುವ ನೀರೆಲ್ಲ ಫಿಲ್ಟರ್ ತೊಟ್ಟಿಯಲ್ಲಿ ಹಿಡಿಸುತ್ತದೆಯೇ ಎಂಬುದನ್ನೂ ಸ್ವಿಚ್ ಆರಿಸಿ ನೋಡಿಕೊಳ್ಳಿ. ಬೆಸ್ಕಾಂ ವಿದ್ಯುತ್ ಒಂದು ದಿನ ಹೋಗಿಯೇ ಹೋಗುತ್ತದೆ.

ಬದಲಾವಣೆಯ ದಿನ ಬೆಳಗ್ಗೆ ಬೇಗ ಆರಂಭಿಸಿ, ಹಿಂದಿನ ದಿನ ಮೀನಿಗೆ ಆಹಾರ ಹಾಕಬೇಡಿ. ಮೊದಲು, ನೀರು ಕದಡುವ ಮುನ್ನ, ಮೇಲಿನ ತಿಳಿನೀರನ್ನು ಪೈಪಿನಿಂದ ಡ್ರಮ್ಮಿಗೂ ಟಬ್ಬುಗಳಿಗೂ ಇಳಿಸಿಕೊಳ್ಳಿ. ನಂತರ ಹವಳಗಳಿರುವ ಕಲ್ಲುಗಳನ್ನು ಒಂದು ಟಬ್ಬಿಗೆ, ಉಳಿದ ಕಲ್ಲುಗಳನ್ನು ಇನ್ನೊಂದಕ್ಕೆ ಸಾಗಿಸಿ; ಪ್ರತಿ ಕಲ್ಲನ್ನೂ ಹಳೆಯ ನೀರಿನ ಬಕೆಟ್ಟಿನಲ್ಲಿ ಅಲ್ಲಾಡಿಸಿ ಅಂಟಿದ ಕೊಳೆಯನ್ನು ಉದುರಿಸಿ. ಕಲ್ಲಿನ ಮೇಲೆ ಬೆಳೆಯುವ ಸ್ಪಂಜು ಜೀವಿಗಳು ಗಾಳಿಗೆ ಒಡ್ಡಿಕೊಂಡರೆ ಸಾಯುತ್ತವೆ, ಆದ್ದರಿಂದ ಅವು ಇರುವ ಕಲ್ಲನ್ನು ನೀರಿನೊಳಗೇ ಪಾತ್ರೆಗೆ ಜಾರಿಸಿ ಎತ್ತಿ. ಕಲ್ಲುಗಳೆಲ್ಲ ಹೋದ ಮೇಲೆ, ಒಂದು ಗೇಣು ನೀರಿನಲ್ಲಿ ಮೀನು ಹಿಡಿಯುವುದು ಸುಲಭ. ಬಲೆ ಬಳಸಬೇಡಿ: ಟ್ಯಾಂಗ್‌ನ ಬಾಲದ ಬುಡದ ಮುಳ್ಳು ಬಲೆಗೆ ಸಿಕ್ಕಿಕೊಂಡು ಮೀನಿಗೆ ಗಾಯವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಮೆಲ್ಲಗೆ ಓಡಿಸಿ ನೀರಿನ ಸಮೇತ ಎತ್ತಿ. ಮೀನಿನ ಟಬ್ಬಿಗೆ ಮುಚ್ಚಳ, ಹೀಟರ್, ಏರ್ ಪಂಪು ಇರಲೇಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ನೀರಿನಲ್ಲಿ ಕರಗುವ ಆಮ್ಲಜನಕ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಬ್ಯಾಟರಿಯ ಏರ್ ಪಂಪೊಂದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.

ಇಲ್ಲಿ ನಿಮ್ಮ ಮನೆಯವರ ಸುರಕ್ಷತೆಯ ಮಾತೊಂದಿದೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋವಾಂತಿಡ್‌ಗಳ ಗುಂಪಿನ ಕೆಲವು ಹವಳಗಳಲ್ಲಿ, ವಿಶೇಷವಾಗಿ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರವಾದ ವಿಷವಿರುತ್ತದೆ. ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಅವನ್ನು ಮುಟ್ಟಬೇಡಿ. ಅವಿರುವ ಕಲ್ಲನ್ನು ಬ್ರಷ್‌ನಿಂದ ಉಜ್ಜಬೇಡಿ, ಬಿಸಿನೀರು ಹಾಕಬೇಡಿ, ಕುದಿಸಲಂತೂ ಬೇಡವೇ ಬೇಡ, ಏಕೆಂದರೆ ಹಬೆಯ ಮೂಲಕ ವಿಷ ಉಸಿರಿಗೆ ಸೇರುತ್ತದೆ. ಮಕ್ಕಳು ಆ ದಿನ ಬೇರೆ ಕೋಣೆಯಲ್ಲಿರಲಿ. ಕಣ್ಣಿಗೆ ನೀರು ಸಿಡಿದರೆ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ ಹವಳದ ವಿಷಯ ತಿಳಿಸಿ.

ಹೊಸ ತೊಟ್ಟಿಯಲ್ಲಿ ಕಲ್ಲುಗಳನ್ನು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿದ ಬಳಿಕ ಮರಳು ಹಾಕಿ, ನೀರು ತುಂಬಿಸಿ, ಉಷ್ಣತೆ ಮತ್ತು ಲವಣಾಂಶ ಟಬ್ಬಿನದಕ್ಕೆ ಸಮವಾದಾಗ ಹವಳಗಳನ್ನು, ನೀರು ಸಾಕಷ್ಟು ತಿಳಿಯಾದ ಮೇಲೆ ಕೊನೆಯಲ್ಲಿ ಮೀನುಗಳನ್ನು ಬಿಡಿ. ಹೊಸ ಎಲ್ಇಡಿ ದೀಪ ಹಳೆಯದಕ್ಕಿಂತ ಪ್ರಬಲವಾಗಿದ್ದರೆ ಅರ್ಧ ಬೆಳಕಿನಿಂದ ಆರಂಭಿಸಿ ಮೂರು ವಾರದಲ್ಲಿ ಏರಿಸಿ, ಇಲ್ಲವಾದರೆ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ. ಟೋಡ್‌ಸ್ಟೂಲ್ ಹಲವು ದಿನ ಮುದುಡಿ, ಮೇಣದಂಥ ಪೊರೆ ಕಳಚಬಹುದು. ಅದು ಸಹಜ, ಅದನ್ನು ಪದೇಪದೇ ಮುಟ್ಟಿ ಜಾಗ ಬದಲಿಸಬೇಡಿ. ಮೃದು ಹವಳಗಳು ಒತ್ತಡದಲ್ಲಿ ನೀರಿಗೆ ಬಿಡುವ ರಾಸಾಯನಿಕಗಳನ್ನು ಹೀರಿಕೊಳ್ಳಲು ಮೊದಲ ದಿನದಿಂದಲೇ ಸಕ್ರಿಯ ಇದ್ದಿಲು ಇಡಿ.

ಖಾಲಿ ಜಾಗ ಕಂಡಾಗ ಹೊಸ ಹವಳದ ಆಸೆಯಾಗುವುದು ಸಹಜ. ಕಲ್ಲಿನ ಅಸ್ಥಿಯ ಹವಳಗಳೂ ಸಮುದ್ರಬೀಸಣಿಗೆಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತುತಂದದ್ದನ್ನು ಯಾರೇ ಕೊಟ್ಟರೂ ಕೊಳ್ಳಬೇಡಿ. ನೀಲಿ ಟ್ಯಾಂಗ್ ಕೂಡ 30 ಸೆಂಟಿಮೀಟರಿನವರೆಗೆ ಬೆಳೆಯುವ, ಉದ್ದಕ್ಕೆ ಈಜುವ ಮೀನು, ಅದಕ್ಕೆ ನಾಲ್ಕು ಅಡಿಯೂ ಕಾಯಂ ಮನೆಯಲ್ಲ ಎಂದು ಬೇಸರದಿಂದಲೇ ಹೇಳುತ್ತೇನೆ. ಒತ್ತಡವಾದಾಗ ಮೊದಲು ಬಿಳಿಚುಕ್ಕೆ ರೋಗ ಹತ್ತುವುದೂ ಅದಕ್ಕೇ. ಚುಕ್ಕೆ ಕಂಡರೆ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಕೊಡಿ. ತಾಮ್ರದ ಔಷಧ ಹವಳದ ತೊಟ್ಟಿಗೆ ಬಿದ್ದರೆ ಸಿಗಡಿಯೂ ಹವಳವೂ ಉಳಿಯುವುದಿಲ್ಲ. ಮೊದಲ ವಾರ ದಿನವೂ, ಎರಡನೇ ವಾರ ದಿನ ಬಿಟ್ಟು ದಿನ ಅಮೋನಿಯಾ ಪರೀಕ್ಷಿಸಿ, ಆಹಾರವನ್ನು ಅರ್ಧಕ್ಕೆ ಇಳಿಸಿ, ಮತ್ತು ಬೆರೆಸಿದ ಉಪ್ಪುನೀರು 80 ಲೀಟರಿನಷ್ಟನ್ನು ಒಂದು ಡ್ರಮ್ಮಿನಲ್ಲಿ ತಿರುಗುತ್ತಿರುವಂತೆಯೇ ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಅಮೋನಿಯಾದ ಬಣ್ಣ ಸ್ವಲ್ಪ ಕಂಡರೂ ಆ ರಾತ್ರಿಯೇ ನೀರು ಬದಲಿಸಲು ಅದು ಬೇಕಾಗುತ್ತದೆ.