ನೆಬ್ರಾಸ್ಕ ಕಾಲೇಜು ಅಮೆರಿಕನ್ ಫುಟ್‌ಬಾಲ್ ತಂಡ 2021ರಲ್ಲಿ 12ಕ್ಕೆ 9 ಪಂದ್ಯ ಸೋತದ್ದು ಬರೀ ದುರದೃಷ್ಟವೇ?

ಆ ವರ್ಷ ನಾನು ತಂಡದ ಊರಾದ ಲಿಂಕನ್‌ನಲ್ಲೇ ಎಂ.ಎಸ್. ಓದುತ್ತಿದ್ದೆ. ಲ್ಯಾಬಿನಲ್ಲಿ, ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಇದೇ ವಾದ ಕೇಳಿ ಕೇಳಿ ಸಾಕಾಗಿತ್ತು. ನನ್ನ ಉತ್ತರ: ಒಂದೆರಡು ಪಂದ್ಯ ದುರದೃಷ್ಟ ಇರಬಹುದು, ಒಂಬತ್ತೂ ಅಲ್ಲ.

ದುರದೃಷ್ಟ ಅನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ, ನಿಜ. ಆ ಸೀಸನ್‌ನಲ್ಲಿ ನೆಬ್ರಾಸ್ಕ ಹೊಡೆದದ್ದು 335 ಪಾಯಿಂಟ್, ಬಿಟ್ಟುಕೊಟ್ಟದ್ದು 272. ಲೆಕ್ಕದ ಪುಸ್ತಕದಲ್ಲಿ ಲಾಭ, ಅಂಗಡಿ ಮಾತ್ರ ದಿವಾಳಿ. ಒಂಬತ್ತು ಸೋಲಿನಲ್ಲಿ ಒಂದೂ 9 ಪಾಯಿಂಟ್ ದಾಟಲಿಲ್ಲ. ಎಲ್ಲ ಸೋಲುಗಳ ಅಂತರ ಕೂಡಿದರೆ 56. ನಾರ್ತ್‌ವೆಸ್ಟರ್ನ್ ವಿರುದ್ಧ ಒಂದೇ ಪಂದ್ಯದಲ್ಲಿ ಹೊಡೆದದ್ದೂ ಅಷ್ಟೇ, 56!

ಆದರೆ ಎಲ್ಲೆಲ್ಲಿ ಎಡವಿದರು ಅಂತ ನೋಡಿ. ಈ ಆಟದಲ್ಲಿ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಆಗುವುದಿಲ್ಲ ಅನ್ನಿಸಿದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ, ಅದು ಪಂಟ್. ಪಂಟ್, ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು 3 ಪಾಯಿಂಟ್), ಕಿಕಾಫ್ (ಆಟ ಶುರು ಮಾಡುವ ಒದೆತ) ಇವಕ್ಕೆಲ್ಲ ಸ್ಪೆಷಲ್ ಟೀಮ್ಸ್ ಅಂತ ಬೇರೆಯೇ ಪಡೆ ಇರುತ್ತದೆ. ನೆಬ್ರಾಸ್ಕದ ಮನೆ ಸೋರುತ್ತಿದ್ದದ್ದು ಅಲ್ಲಿ.

ಮೊದಲ ಪಂದ್ಯದಲ್ಲೇ, ಇಲಿನಾಯ್ ಎದುರು, ತಮ್ಮದೇ ಗೋಲ್ ಗೆರೆಯ ಹತ್ತಿರ ಬಂದ ಪಂಟನ್ನು ಸುಮ್ಮನೆ ಬಿಡದೆ ಹಿಡಿದು, ಗೆರೆಯ ಹಿಂದೆ ಸಿಕ್ಕಿಬಿದ್ದು, ಚೆಂಡು ಎಸೆಯಲು ಹೋಗಿ 2 ಪಾಯಿಂಟ್ ದಾನ ಮಾಡಿದರು. ಓಕ್ಲಹೋಮದಲ್ಲಿ ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ 6 ಪಾಯಿಂಟ್) ನಂತರದ ಒಂದು ಪಾಯಿಂಟಿನ ಕಿಕ್ ತಡೆಯಲ್ಪಟ್ಟು, ಓಕ್ಲಹೋಮದವರೇ ಅದನ್ನು ಇನ್ನೊಂದು ತುದಿಗೆ ಓಡಿಸಿಕೊಂಡು ಬಂದು 2 ಪಾಯಿಂಟ್ ಮಾಡಿಕೊಂಡರು. ಮಿಶಿಗನ್ ಸ್ಟೇಟ್ ಎದುರಿನದಂತೂ ನನಗೆ ಇವತ್ತಿಗೂ ಅರಗಿಲ್ಲ. 20-13 ಮುಂದಿದ್ದಾರೆ, ಸುಮಾರು ನಾಲ್ಕು ನಿಮಿಷ ಬಾಕಿ. ಪಂಟ್ ಒದ್ದದ್ದು ಒಂದು ಕಡೆ, ನಮ್ಮ ಹುಡುಗರು ಓಡಿದ್ದು ಇನ್ನೊಂದು ಕಡೆ! ಮಿಶಿಗನ್ ಸ್ಟೇಟ್ ಆಟಗಾರ ಅದನ್ನು ಹಿಡಿದು 62 ಗಜ ಓಡಿ ಸಮ ಮಾಡಿದ, ಓವರ್‌ಟೈಮಿನಲ್ಲಿ 23-20 ಸೋಲು. ಕೊನೆಗೆ ಅಯೊವಾ ಎದುರು 21-6 ಮುಂದಿದ್ದವರು ಒಂದು ಪಂಟ್ ತಡೆಸಿಕೊಂಡು, ಅದೇ ಟಚ್‌ಡೌನ್ ಆಗಿ, 28-21ಕ್ಕೆ ಸೋತರು. ಹಿಂದಿನ ವರ್ಷ ನೆಬ್ರಾಸ್ಕ ಆಡುವ ಬಿಗ್ ಟೆನ್ ಲೀಗಿನ ಅತ್ಯುತ್ತಮ ಕಿಕ್ಕರ್ ಅನ್ನಿಸಿಕೊಂಡಿದ್ದವನೇ ಈ ವರ್ಷ ಮಿಸ್ ಮೇಲೆ ಮಿಸ್ ಮಾಡುತ್ತಿದ್ದ. ಒಂದೇ ಮೂಲೆ ಪ್ರತಿ ಮಳೆಗೂ ಸೋರಿದರೆ ಮಳೆಯನ್ನು ಬೈಯುವುದೇ?

ಇಷ್ಟೆಲ್ಲ ಹೇಳಿದ ಮೇಲೂ, ನಾನು ಸ್ಟೇಡಿಯಂನಲ್ಲಿ ಕೂತು ನೋಡಿದ ಪಂದ್ಯ ನನ್ನ ವಾದಕ್ಕೆ ಒಗ್ಗುವುದಿಲ್ಲ. ಅಕ್ಟೋಬರ್ 9, ಮಿಶಿಗನ್, ರಾತ್ರಿ ಆಟ. ರೂಮ್‌ಮೇಟ್ ಹತ್ತಿರ ಟಿಕೆಟ್ ಹೆಚ್ಚಿತ್ತು. 1962ರಿಂದ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ ಅಂತ ಹೆಮ್ಮೆಪಡುವ ಊರದು. ಎಲ್ಲರೂ ರನ್ಝಾ ತಿನ್ನುತ್ತಿದ್ದರು, ಎಲೆಕೋಸಿನ ಜೊತೆ ಗೋಮಾಂಸ ತುಂಬಿದ ಬನ್ನು; ನನಗೆ ಪಾಪ್‌ಕಾರ್ನೇ ಗತಿ. ನೆಬ್ರಾಸ್ಕ ಮೊದಲ ಪಾಯಿಂಟ್ ಗಳಿಸಿದಾಗ ಕೆಂಪು ಬಲೂನು ಹಾರಿಬಿಡುವುದು ಆಗ ಅಲ್ಲಿನ ರೂಢಿಯಾಗಿತ್ತು. ಅರ್ಧ ಆಟ ಮುಗಿದಾಗ 13-0 ಹಿಂದೆ. ನನ್ನ ಮುಂದಿನ ಸಾಲಿನ ಪುಟ್ಟ ಹುಡುಗಿ ದಾರವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಕಾಯುತ್ತಲೇ ಇದ್ದಳು. ಮೂರನೇ ಕ್ವಾರ್ಟರ್‌ನಲ್ಲಿ ಟಚ್‌ಡೌನ್ ಬಂದಾಗ ಅವಸರಕ್ಕೆ ದಾರ ಬಿಚ್ಚಲಾಗದೆ ಅವಳಪ್ಪ ಹಲ್ಲಿನಿಂದ ಕಚ್ಚಿ ಹರಿದ.

ಆಮೇಲೆ ಅಬ್ಬಾ! ಕೊನೆಯಲ್ಲಿ 29-29 ಸಮ, ಚೆಂಡು ನಮ್ಮದೇ. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವವ) ಏಡ್ರಿಯನ್ ಮಾರ್ಟಿನೆಜ್ ತಾನೇ ಮುನ್ನುಗ್ಗಿದ, ಗುಂಪಿನ ನಡುವೆ ಯಾರೋ ಚೆಂಡು ಕಿತ್ತುಕೊಂಡರು. ಮಿಶಿಗನ್ 39 ಗಜದಿಂದ ಒದ್ದು 32-29 ಗೆದ್ದಿತು. ಮಾರ್ಟಿನೆಜ್ ಆಗ ದವಡೆ ಮುರಿದುಕೊಂಡೇ ಆಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಇದನ್ನು ಬೇಕಾದರೆ ದುರದೃಷ್ಟ ಅನ್ನಿ, ಒಪ್ಪುತ್ತೇನೆ.

ಆಗಿನ ಕೋಚ್ ಸ್ಕಾಟ್ ಫ್ರಾಸ್ಟ್ 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಮನೆಮಗ. ನವೆಂಬರಿನಲ್ಲಿ ಅವರ ಸಂಬಳ 50 ಲಕ್ಷ ಡಾಲರಿನಿಂದ 40ಕ್ಕೆ ಇಳಿಸಿ, ಕೈಕೆಳಗಿನ ನಾಲ್ವರು ಕೋಚ್‌ಗಳನ್ನು ತೆಗೆದು, ಇನ್ನೊಂದು ಅವಕಾಶ ಕೊಟ್ಟರು. 2022ರ ಮೊದಲ ಪಂದ್ಯ ಡಬ್ಲಿನ್‌ನಲ್ಲಿ, ಮತ್ತೆ ನಾರ್ತ್‌ವೆಸ್ಟರ್ನ್ ಜೊತೆ. 28-17 ಮುಂದಿದ್ದಾಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು. ಸೋಲುತ್ತಿರುವವರು ಬೇರೆ ದಾರಿ ಇಲ್ಲದೆ ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿಯಲು ನೋಡುವ ಪಟ್ಟು ಅದು. ಚೆಂಡು ನಾರ್ತ್‌ವೆಸ್ಟರ್ನ್‌ಗೆ ಸಿಕ್ಕಿತು. ಫಲಿತಾಂಶ 31-28 ಸೋಲು. ಮತ್ತೆ ಮೂರೇ ಪಾಯಿಂಟ್.