‘ಬಟ್’ ತೆಗೆದು ‘ಹೌಎವರ್’ ಹಾಕಿದರೆ ಸಾಕೇ?

ಪ್ರಶ್ನೆ: ನನ್ನ ಇಂಗ್ಲಿಷ್ ವರದಿಗಳಲ್ಲಿ ‘ಬಟ್’ ವಿಪರೀತವಾಗಿದೆ ಎಂದು ಮೇಲಧಿಕಾರಿಗಳು ಹೇಳಿದ್ದರಿಂದ, ಅದಿದ್ದ ಕಡೆಯಲ್ಲೆಲ್ಲ ‘ಹೌಎವರ್’, ‘ಆಲ್‌ದೋ’, ‘ಡಿಸ್ಪೈಟ್’, ‘ಆನ್ ದ ಕಾಂಟ್ರರಿ’ ಎಂದು ಬದಲಿಸಿದೆ. ಈಗ ವಾಕ್ಯಗಳೇ ತಪ್ಪಾಗಿವೆ ಎನ್ನುತ್ತಿದ್ದಾರೆ. ಇವೆಲ್ಲವುಗಳ ಅರ್ಥ ಒಂದೇ ಅಲ್ಲವೇ?

ಉತ್ತರ: ಅರ್ಥದಲ್ಲಿ ಹತ್ತಿರವಿದ್ದರೂ ಇವು ವಾಕ್ಯದಲ್ಲಿ ಮಾಡುವ ಕೆಲಸ ಬೇರೆ ಬೇರೆ. ‘ಬಟ್’ ಎರಡು ವಾಕ್ಯಗಳನ್ನು ಜೋಡಿಸುವ ಕಂಜಂಕ್ಷನ್. ‘ಹೌಎವರ್’ ಅಡ್ವರ್ಬ್ ಆದ್ದರಿಂದ ಅದಕ್ಕೆ ಜೋಡಿಸುವ ಶಕ್ತಿಯಿಲ್ಲ. ‘ದ ಮೆಷೀನ್ ಈಸ್ ಓಲ್ಡ್, ಬಟ್ ಇಟ್ ವರ್ಕ್ಸ್ ವೆಲ್’ ಎಂಬುದು ಸರಿ. ಅಲ್ಪವಿರಾಮವನ್ನು ಹಾಗೆಯೇ ಉಳಿಸಿಕೊಂಡು ‘ಬಟ್’ ಇದ್ದಲ್ಲಿ ‘ಹೌಎವರ್’ ಇಟ್ಟರೆ ತಪ್ಪಾಗುತ್ತದೆ. ಅದಕ್ಕೆ ಮುಂಚೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ, ಅದರ ನಂತರ ಅಲ್ಪವಿರಾಮವನ್ನೂ ಹಾಕಬೇಕು.

‘ಆಲ್‌ದೋ’ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅದು ತಾನು ಸೇರಿದ ಮಾತನ್ನು ಹಿಂದಕ್ಕೆ ಸರಿಸಿ, ಇನ್ನೊಂದು ಮಾತಿಗೆ ತೂಕ ಕೊಡುತ್ತದೆ. ‘ಆಲ್‌ದೋ ದ ಮೆಷೀನ್ ಈಸ್ ಓಲ್ಡ್, ಇಟ್ ವರ್ಕ್ಸ್ ವೆಲ್’ ಎಂದು ಬರೆದರೆ, ಯಂತ್ರವನ್ನು ಉಳಿಸಿಕೊಳ್ಳಬಹುದು ಎಂದು ನೀವು ಸೂಚಿಸುತ್ತಿದ್ದೀರಿ ಎಂದಾಗುತ್ತದೆ. ‘ಆಲ್‌ದೋ ಇಟ್ ವರ್ಕ್ಸ್ ವೆಲ್, ದ ಮೆಷೀನ್ ಈಸ್ ಓಲ್ಡ್’ ಎಂದರೆ, ಮುಂದಿನ ಸಾಲಿನಲ್ಲಿ ಹೊಸ ಯಂತ್ರದ ಬೇಡಿಕೆ ಬರುತ್ತದೆ ಎಂದು ಓದುವವರು ಕಾಯುತ್ತಾರೆ. ಮಾಹಿತಿ ಒಂದೇ, ತೀರ್ಮಾನ ಮಾತ್ರ ತಿರುವುಮುರುವು. ಅಂದಹಾಗೆ, ‘ಆಲ್‌ದೋ’ ಇರುವ ವಾಕ್ಯದ ನಡುವೆ ಮತ್ತೆ ‘ಬಟ್’ ತರಬೇಡಿ.

‘ಡಿಸ್ಪೈಟ್’ ಪ್ರಿಪೊಸಿಷನ್ ಆದ್ದರಿಂದ ಅದರ ಮುಂದೆ ನಾಮಪದ ಬರಬೇಕು: ‘ಡಿಸ್ಪೈಟ್ ಇಟ್ಸ್ ಏಜ್’. ‘ಆಫ್’ ಸೇರುವುದು ಇದಕ್ಕಲ್ಲ, ಇದೇ ಅರ್ಥದ ‘ಇನ್ ಸ್ಪೈಟ್’ಗೆ ಮಾತ್ರ.

ವರದಿಗಳಲ್ಲಿ ನಿಜವಾಗಿ ದಾರಿ ತಪ್ಪಿಸುವುದು ‘ಆನ್ ದ ಕಾಂಟ್ರರಿ’. ಹಿಂದೆ ಬಂದ ಅಥವಾ ಯಾರೋ ಮಂಡಿಸಿದ ಅಭಿಪ್ರಾಯವನ್ನು ಅಲ್ಲಗಳೆಯುವಾಗ ಮಾತ್ರ ಅದು ಸಲ್ಲುತ್ತದೆ: ‘ದ ಮೆಷೀನ್ ಈಸ್ ನಾಟ್ ಸ್ಲೋ. ಆನ್ ದ ಕಾಂಟ್ರರಿ, ಇಟ್ ಈಸ್ ದ ಫಾಸ್ಟೆಸ್ಟ್ ವಿ ಹ್ಯಾವ್’. ಎರಡು ಮುಖಗಳೂ ನಿಜವಾಗಿದ್ದು, ಅವನ್ನು ತೂಗಿ ನೋಡುವುದಾದರೆ ‘ಆನ್ ದಿ ಅದರ್ ಹ್ಯಾಂಡ್’ ಬಳಸಿ. ಎರಡು ವಸ್ತುಗಳ ವ್ಯತ್ಯಾಸವನ್ನಷ್ಟೇ ಹೇಳುವುದಿದ್ದರೆ ‘ವೇರ್‌ಆ್ಯಸ್’ ಸಾಕು. ಅಲ್ಲಿ ‘ವೈಲ್’ ಕೂಡ ನಡೆಯುತ್ತದೆ, ಆದರೆ ‘ಅದೇ ಸಮಯದಲ್ಲಿ’ ಎಂಬ ಅರ್ಥ ಹೊಮ್ಮುವ ಸಂಭವವಿದ್ದಲ್ಲಿ ಅದನ್ನು ಬಿಡುವುದು ಲೇಸು.

ಇನ್ನು ‘ಬಟ್’ ಬಗೆಗಿನ ಆಕ್ಷೇಪ. ಅದರಿಂದ ವಾಕ್ಯವನ್ನು ಆರಂಭಿಸುವುದೂ ವ್ಯಾಕರಣದೋಷವಲ್ಲ. ಅದು ಸಾಲುಸಾಲಿಗೂ ಬರುತ್ತಿದ್ದರೆ, ನಿಮ್ಮ ವಾದವೇ ಪ್ರತಿ ಸಾಲಿನಲ್ಲೂ ಹಿಂದೆ ಮುಂದೆ ತಿರುಗುತ್ತಿದೆ ಎಂದರ್ಥ. ಅನುಕೂಲಗಳನ್ನೆಲ್ಲ ಒಂದು ಪ್ಯಾರಾದಲ್ಲಿ, ಅನನುಕೂಲಗಳನ್ನು ಮುಂದಿನ ಪ್ಯಾರಾದಲ್ಲಿ ಒಟ್ಟುಗೂಡಿಸಿದರೆ, ಎರಡನೆಯದರ ಆರಂಭದಲ್ಲಿ ಒಂದೇ ಒಂದು ‘ಹೌಎವರ್’ ಸಾಕಾಗುತ್ತದೆ.